ಅಟ್ಟದಿಂದ ಇಳಿಯುವ ಡೇರೆ

ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಕಡೆ ಮೇ ತಿಂಗಳ ಮೊದಲ ಗುಡುಗು ಕೇಳಿತೆಂದರೆ ಮನೆಯ ಹೆಂಗಸರಿಗೆ ಎರಡು ನೆನಪು ಒಟ್ಟಿಗೆ ಬರುತ್ತವೆ. ಹಪ್ಪಳ ಇನ್ನೂ ಅಂಗಳದಲ್ಲಿದೆ, ಡೇರೆ ಗಡ್ಡೆ ಇನ್ನೂ ಅಟ್ಟದಲ್ಲಿದೆ. ಮೊದಲನೆಯದನ್ನು ಒಳಗೆ ತರಬೇಕು, ಎರಡನೆಯದನ್ನು ಹೊರಗೆ.

ಪೇಟೆಯವರು ಡೇಲಿಯಾ ಎನ್ನುವ ಈ ಹೂವಿಗೆ ಮಲೆನಾಡಿನ ಅಂಗಳದಲ್ಲಿ ಇರುವ ಸ್ಥಾನ ಬೇರೆ ಯಾವ ಅಲಂಕಾರದ ಗಿಡಕ್ಕೂ ಇಲ್ಲ. ಜಡಿಮಳೆಗೆ ಗುಲಾಬಿ ಕೊಳೆತು, ಸೇವಂತಿಗೆ ಇನ್ನೂ ಮೊಗ್ಗೂ ಆಗದ ಹೊತ್ತಿನಲ್ಲಿ ಧರೆಯ ಬುಡದಲ್ಲಿ, ಜಗಲಿಯ ಎದುರಿನ ಸಾಲಿನಲ್ಲಿ ಅಂಗೈಗಿಂತ ಅಗಲದ ಹೂಗಳು ನೆನೆದ ತಲೆ ಬಗ್ಗಿಸಿಕೊಂಡು ಅರಳುತ್ತವೆ. ಗೌರಿ ಹಬ್ಬ, ಚೌತಿಯ ಹೊತ್ತಿಗೆ ಅವುಗಳ ಸಂಭ್ರಮ ತುದಿ ಮುಟ್ಟಿರುತ್ತದೆ. ಈ ಹೂಗಳಲ್ಲಿ ನರ್ಸರಿಯಿಂದ ದುಡ್ಡು ಕೊಟ್ಟು ತಂದವು ಕಡಿಮೆ. ಒಂದು ತವರಿನಿಂದ ಬಂದದ್ದು, ಇನ್ನೊಂದು ಮದುವೆಮನೆಗೆ ಹೋದಾಗ ಕೇಳಿ ತಂದದ್ದು, ಮತ್ತೊಂದು ಆಚೆಮನೆಯವರು ಬೇಲಿಯ ಮೇಲಿಂದ ಕೊಟ್ಟದ್ದು. ಗಿಡಗಳ ಹೆಸರೂ ಹಾಗೆಯೇ: ದೊಡ್ಡಮ್ಮನ ಮನೆ ಹಳದಿ, ಅತ್ತಿಗೆ ಕೊಟ್ಟ ಚುಕ್ಕಿ.

ಇಷ್ಟು ಹೂವೂ ಬಂದಿರುವುದು ಒಂದೇ ಕೆಲಸದಿಂದ. ಗಡ್ಡೆ ಅಗೆಯುವುದು, ಒಡೆಯುವುದು, ಮತ್ತೆ ನೆಡುವುದು. ನೋಡಲು ಸಣ್ಣ ಕೆಲಸ. ಆದರೆ ಒಂದು ವರ್ಷ ಯಾರೂ ಮಾಡದೆ ಬಿಟ್ಟರೆ ಆ ಹೂ ಆ ಊರಿನಲ್ಲಿ ಮುಗಿದೇ ಹೋಗಬಹುದು. ಇದನ್ನು ನಾನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. ಡೇರೆ ಬೀಜವನ್ನೂ ಕಟ್ಟುತ್ತದೆ, ಬಿತ್ತಿದರೆ ಗಿಡವೂ ಬರುತ್ತದೆ, ಆದರೆ ತಾಯಿಯ ಹೂ ಬರುವುದಿಲ್ಲ. ಬಹಳಷ್ಟು ಗಿಡಗಳ ಜೀವಕೋಶದಲ್ಲಿ ವರ್ಣತಂತುಗಳು ಎರಡು ಕಂತೆಯಾಗಿದ್ದರೆ ತೋಟದ ಡೇರೆಯಲ್ಲಿ ಎಂಟು ಕಂತೆ, ಒಟ್ಟು 64. ಪರಾಗಸ್ಪರ್ಶವಾಗಿ ಬೀಜ ಕಟ್ಟುವಾಗ ಈ ಎಂಟರ ಗುಣಗಳು ಹೇಗೆ ಬೇಕಾದರೂ ಕಲಸಿಕೊಳ್ಳುತ್ತವೆ. ಒಂದೇ ಹೂವಿನ ಹತ್ತು ಬೀಜ ಬಿತ್ತಿದರೆ ಹತ್ತು ಬಗೆ. ಹೊಸ ಬಣ್ಣ ಬೇಕಾದವರಿಗೆ ಇದು ವರ, ಅಜ್ಜಿ ನೆಟ್ಟ ಅದೇ ನಸುಗೆಂಪು ಬೇಕಾದವರಿಗೆ ಗಡ್ಡೆಯೊಂದೇ ದಾರಿ, ಇಲ್ಲವೆಂದರೆ ಅದರ ಕುಡಿ.

ಹಾಗಾಗಿ ಗಡ್ಡೆಯಿಂದ ಬಂದ ಡೇರೆಯನ್ನು ಹಳೆಯ ಗಿಡದ ಸಂತತಿ ಎನ್ನುವುದಕ್ಕಿಂತ ಅದೇ ಗಿಡ ಎನ್ನುವುದೇ ಸರಿ. ‘ಬಿಷಪ್ ಆಫ್ ಲ್ಯಾಂಡಾಫ್’ ಎಂಬ ಕಡುಗೆಂಪು ಡೇರೆಯೊಂದಿದೆ. ಎಲೆ ಕಪ್ಪಿಗೆ ತಿರುಗಿದ ನೇರಳೆ. 1920ರ ದಶಕದಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಒಂದು ಬೀಜದಿಂದ ಹುಟ್ಟಿದ ಆ ಒಂದೇ ಗಿಡ ಇಂದು ಜಗತ್ತಿನ ಎಷ್ಟೋ ತೋಟಗಳಲ್ಲಿ ಬದುಕಿದೆ. ನಡುವಿನ ಇಷ್ಟೂ ವರ್ಷಗಳಲ್ಲಿ ಪ್ರತಿ ಬಾರಿಯೂ ಯಾರೋ ಒಬ್ಬರು ಅದನ್ನು ಚಳಿಗಾಲದಿಂದ ದಾಟಿಸಿದ್ದಾರೆ, ಮತ್ತೊಬ್ಬರಿಗೆ ಹಂಚಿದ್ದಾರೆ. ನಮ್ಮ ದೊಡ್ಡಮ್ಮನ ಮನೆ ಹಳದಿಗೂ ಅಂಥದ್ದೇ ಚರಿತ್ರೆ ಇದೆ, ಬರೆದಿಟ್ಟವರು ಇಲ್ಲ ಅಷ್ಟೇ.

ಮೆಕ್ಸಿಕೊದ ಮಳೆ, ಮಲೆನಾಡಿನ ಮಳೆ

ಡೇರೆಯ ಮೂಲ ಮೆಕ್ಸಿಕೊದ ಬೆಟ್ಟಗಳು. ಸ್ಪೇನಿನ ದೊರೆ ಎರಡನೆಯ ಫಿಲಿಪನ ವೈದ್ಯ ಫ್ರಾನ್ಸಿಸ್ಕೊ ಹೆರ್ನಾಂಡೆಸ್ 1570ರ ದಶಕದಲ್ಲಿ ಅಲ್ಲಿನ ಗಿಡಮೂಲಿಕೆಗಳನ್ನು ಹುಡುಕಿ ತಿರುಗಾಡಿದಾಗ ಇದನ್ನೂ ಕಂಡು ಬರೆದಿಟ್ಟ. ಯುರೋಪಿಗೆ ಬಂದದ್ದು ಎರಡು ಶತಮಾನ ಕಳೆದ ಮೇಲೆ, 1789ರಲ್ಲಿ, ಮೆಕ್ಸಿಕೊ ನಗರದ ಸಸ್ಯೋದ್ಯಾನದಿಂದ ಮ್ಯಾಡ್ರಿಡ್‌ಗೆ. ಅಲ್ಲಿನ ಸಸ್ಯಶಾಸ್ತ್ರಜ್ಞ ಕವನಿಲ್ಲೆಸ್ 1791ರಲ್ಲಿ ಅದಕ್ಕೆ ಲಿನೇಯಸ್‌ನ ಶಿಷ್ಯ, ಸ್ವೀಡನ್ನಿನ ಆಂಡರ್ಸ್ ಡಾಲ್‌ನ ಹೆಸರಿಟ್ಟ. 1963ರಿಂದ ಡೇರೆ ಮೆಕ್ಸಿಕೊದ ರಾಷ್ಟ್ರೀಯ ಹೂ.

ಈ ಚರಿತ್ರೆಗಿಂತ ನನಗೆ ಮುಖ್ಯವೆನಿಸುವುದು ಆ ನಾಡಿನ ಪಂಚಾಂಗ. ಮೆಕ್ಸಿಕೊದ ಬೆಟ್ಟಗಳಲ್ಲಿ ಮಳೆಗಾಲ ಮೇ ಕೊನೆ, ಜೂನ್‌ಗೆ ಹಿಡಿದು ಅಕ್ಟೋಬರ್‌ವರೆಗೆ. ಆಮೇಲೆ ಒಣಗಾಲ. ಗಿಡ ಮಳೆಯಲ್ಲಿ ಬೆಳೆದು, ಹೂ ಬಿಟ್ಟು, ಒಣಗಾಲಕ್ಕೆ ಮೇಲ್ಭಾಗವನ್ನು ಕಳೆದುಕೊಂಡು ನೆಲದೊಳಗೆ ಮಲಗುತ್ತದೆ. ಇದು ಅಕ್ಷರಶಃ ಮಲೆನಾಡಿನ ಲೆಕ್ಕ. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳನ್ನು ಓದಿದರೆ ನೆಲ ಹೆಪ್ಪುಗಟ್ಟುವ ಮೊದಲು ಗಡ್ಡೆ ತೆಗೆಯಿರಿ ಎಂದಿರುತ್ತದೆ. ಅದು ಅವರ ಕಷ್ಟ. ನಮ್ಮ ಗಡ್ಡೆಗೆ ಚಳಿಯಿಂದ ಅಪಾಯವಿಲ್ಲ. ಅಪಾಯ ಇರುವುದು ಎರಡು ತುದಿಯಲ್ಲಿ: ಮಾರ್ಚ್ ಏಪ್ರಿಲ್‌ನ ಬಿಸಿಲಿಗೆ ಸುಕ್ಕಿ ಒಣಗುವುದು, ಜೂನ್‌ನ ಮೊದಲ ಜೋರು ಮಳೆಗೆ ಮೊಳಕೆಯೊಡೆಯುವ ಮೊದಲೇ ಕೊಳೆಯುವುದು. ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಶಿರಸಿಯಂಥ ಕಡೆ ಗಡ್ಡೆಯನ್ನು ನೆಲದಲ್ಲೇ ಬಿಟ್ಟು ದೇವರ ಮೇಲೆ ಭಾರ ಹಾಕುವವರು ಅರ್ಧ ಗಿಡ ಕಳೆದುಕೊಳ್ಳುತ್ತಾರೆ.

ಗಡ್ಡೆ ದಪ್ಪವಾಗುವುದಕ್ಕೂ ಒಂದು ಗಡಿಯಾರವಿದೆ. ಹಗಲು ಹನ್ನೆರಡು ಗಂಟೆಗಿಂತ ಚಿಕ್ಕದಾದ ಮೇಲೆ ಡೇರೆ ತನ್ನ ಆಹಾರವನ್ನು ಬೇರಿಗೆ ಇಳಿಸಲು ಹೆಚ್ಚು ಗಮನ ಕೊಡುತ್ತದೆ. ನಮ್ಮಲ್ಲಿ ಅದು ಸೆಪ್ಟೆಂಬರ್ ಕೊನೆಯ ನಂತರ. ಹೂ ಕಡಿಮೆಯಾಯಿತೆಂದು ನವರಾತ್ರಿಯ ಹೊತ್ತಿಗೇ ಗಿಡ ಕಡಿದು ಹಾಕುವವರು ಬರುವ ವರ್ಷದ ಗಡ್ಡೆಯನ್ನೇ ಕಡಿದ ಹಾಗಾಯಿತು. ಎಲೆ ತಾನಾಗಿ ಹಳದಿಯಾಗಿ, ಕಾಂಡ ಒಣಗುವವರೆಗೆ ಕಾಯಬೇಕು. ಅಂದರೆ ಡಿಸೆಂಬರ್. ಅಡಿಕೆ ಬೆಳೆಯುವ ಮನೆಗಳಲ್ಲಿ ಅದು ಕೊನೆಕೊಯ್ಲಿನ ಗಡಿಬಿಡಿಯ ಕಾಲ, ಅಂಗಳದ ತುಂಬ ಅಡಿಕೆ, ರಾತ್ರಿಯೆಲ್ಲ ಸುಲಿತ. ಆ ನಡುವೆಯೂ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಡೇರೆ ಅಗೆಯುವ ಹೆಂಗಸರ ಬಗ್ಗೆ ನನಗೆ ಅಪಾರ ಗೌರವ.

ಕಣ್ಣು ಎಲ್ಲಿದೆ

ಅಗೆಯುವಾಗ ಅವಸರ ಬೇಡ. ಕಾಂಡವನ್ನು ಗೇಣುದ್ದ ಉಳಿಸಿ ಕತ್ತರಿಸಿ, ಬುಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಹಾರೆ ಹಾಕಿ ಮಣ್ಣು ಸಡಿಲಿಸಬೇಕು. ಆಮೇಲೆ ಕೆಳಗಿನಿಂದ ಎತ್ತಬೇಕು. ಕಾಂಡ ಹಿಡಿದು ಜಗ್ಗಿದರೆ ಗಡ್ಡೆಗಳ ಕುತ್ತಿಗೆ ಮುರಿಯುತ್ತದೆ. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪವಿದ್ದರೂ ನೆಡಲು ಬಾರದು. ಕೆಲವೊಮ್ಮೆ ಸಿಪ್ಪೆ ಹಿಡಿದುಕೊಂಡು ಜೋಲುತ್ತಿರುತ್ತದೆ, ಸರಿಯಾಗಿಯೇ ಇದೆ ಎನಿಸುತ್ತದೆ. ಒಳಗೆ ಮುರಿದಿದ್ದರೆ ಅದೂ ಹೋದಂತೆಯೇ.

ಇದರ ಕಾರಣ ತಿಳಿದವರಿಗೆ ಒಡೆಯುವ ಕೆಲಸ ಸುಲಭ. ಆಲೂಗಡ್ಡೆ ನೆಲದೊಳಗಿನ ಕಾಂಡ, ಅದರ ಮೈಯೆಲ್ಲ ಕಣ್ಣು. ಡೇರೆಯ ಗಡ್ಡೆ ಕಾಂಡವಲ್ಲ, ಆಹಾರ ತುಂಬಿಕೊಂಡು ಉಬ್ಬಿದ ಬೇರು. ಬೇರಿನ ಮೈಮೇಲೆ ಕಣ್ಣು ಇರುವುದಿಲ್ಲ. ಹಳೆಯ ಕಾಂಡದ ಬುಡದಲ್ಲಿ, ಗಡ್ಡೆಗಳೆಲ್ಲ ಬಂದು ಸೇರುವ ಆ ಗಂಟಿನಲ್ಲಿ ಮಾತ್ರ ಕಣ್ಣು. ಆದ್ದರಿಂದ ಪ್ರತಿ ಗಡ್ಡೆಯ ಜತೆ ಆ ಗಂಟಿನ ಒಂದು ಚೂರಾದರೂ, ಅದರ ಮೇಲೆ ಒಂದು ಕಣ್ಣಾದರೂ ಬರುವಂತೆ ಸೀಳಬೇಕು. ಕಣ್ಣಿಲ್ಲದ ಗಡ್ಡೆಯನ್ನು ನೆಟ್ಟರೆ ಅದು ತಿಂಗಳುಗಟ್ಟಲೆ ಕೊಳೆಯದೆ ಉಳಿಯುತ್ತದೆ, ಬೇರನ್ನೂ ಬಿಡಬಹುದು, ಗಿಡ ಮಾತ್ರ ಮೇಲೆ ಬರುವುದಿಲ್ಲ.

ಯಾವಾಗ ಒಡೆಯಬೇಕು ಎಂಬ ಪ್ರಶ್ನೆಗೆ ಎರಡು ಪಂಗಡವಿದೆ. ಅಗೆದ ಕೂಡಲೇ ಒಡೆದರೆ ಗಂಟು ಮೆತ್ತಗಿರುತ್ತದೆ, ಚಾಕು ಸಲೀಸಾಗಿ ಇಳಿಯುತ್ತದೆ, ಇಡಲು ಜಾಗವೂ ಕಡಿಮೆ ಸಾಕು. ಆದರೆ ಡಿಸೆಂಬರ್‌ನಲ್ಲಿ ಕಣ್ಣು ಕಾಣುವುದೇ ಕಷ್ಟ, ಅನುಭವಿಗಳಿಗೂ ಅಂದಾಜಿನ ಮಾತು. ಮೇಲಾಗಿ ಹಸಿ ಗಾಯ ಮಾಡಿಟ್ಟ ಗಡ್ಡೆ ನಮ್ಮ ಸೆಕೆಯಲ್ಲಿ ಬೇಗ ಸುಕ್ಕುತ್ತದೆ. ಇಡೀ ಗೊಂಚಲನ್ನು ಹಾಗೇ ಇಟ್ಟು ಮೇ ತಿಂಗಳಲ್ಲಿ, ಕಣ್ಣು ಗುಲಾಬಿ ಬಣ್ಣದ ಚಿಕ್ಕ ಮೊಳಕೆಯಾಗಿ ಕಾಣತೊಡಗಿದಾಗ ಒಡೆಯುವುದೇ ನಮ್ಮ ಹವೆಗೆ ಒಳ್ಳೆಯದು. ಮಲೆನಾಡಿನ ರೂಢಿಯೂ ಅದೇ. ಹೊಸದಾಗಿ ಕಲಿಯುವವರಂತೂ ಇದನ್ನೇ ಮಾಡಬೇಕು. ಒಂದು ಗೊಂಚಲಿನಿಂದ ಹತ್ತು ಗಡ್ಡೆ ಬಿಡಿಸುವ ಆಸೆ ಬೇಡ, ಮೂರು ನಾಲ್ಕು ಗಟ್ಟಿ ಭಾಗ ಸಿಕ್ಕರೆ ಸಾಕು. ಸೀಳಿದ ಗಾಯಕ್ಕೆ ಒಲೆಯ ಬೂದಿ ಒರೆಸಿ, ಒಂದೆರಡು ದಿನ ನೆರಳಿನಲ್ಲಿ ಆರಲು ಬಿಟ್ಟು ಆಮೇಲೆ ನೆಡಬೇಕು.

ಈ ನಡುವಿನ ನಾಲ್ಕೈದು ತಿಂಗಳು ಗಡ್ಡೆ ಎಲ್ಲಿರಬೇಕು? ಹಿಂದಿನವರಿಗೆ ಈ ಪ್ರಶ್ನೆಯೇ ಇರಲಿಲ್ಲ. ಮಣ್ಣಿನ ಗೋಡೆ, ಹೆಂಚಿನ ಮಾಡು, ಕೆಳಗೆ ಕಟ್ಟಿಗೆ ಒಲೆ, ಮೇಲೆ ಅಟ್ಟ. ಒಲೆಯ ತೆಳು ಹೊಗೆ ಅಟ್ಟದಲ್ಲಿ ಹುಳು, ಬೂಸ್ಟು ಸುಳಿಯದಂತೆ ಕಾಯುತ್ತಿತ್ತು. ನೆಲಕ್ಕಿಂತ ಎತ್ತರದಲ್ಲಿದ್ದುದರಿಂದ ಹೆಗ್ಗಣದ ಭಯವೂ ಕಡಿಮೆ. ಈಗ ಆರ್‌ಸಿಸಿ ಮನೆ, ಗ್ಯಾಸ್ ಒಲೆ. ತಾರಸಿ ಮನೆಯ ಮೇಲುಭಾಗ ಏಪ್ರಿಲ್‌ನಲ್ಲಿ ಕಾದ ಹಂಚು, ಅಲ್ಲಿ ಗಡ್ಡೆ ಒಂದೇ ವಾರದಲ್ಲಿ ಸುಕ್ಕಿ ಹೋಗುತ್ತದೆ. ಮಲೆನಾಡಿನ ಹಳೆಯ ಡೇರೆಗಳು ಕಾಣೆಯಾಗುತ್ತಿರುವುದಕ್ಕೆ ಜನರ ಆಸಕ್ತಿ ಕುಗ್ಗಿದ್ದು ಕಾರಣವೆನ್ನುತ್ತಾರೆ. ಅಟ್ಟ ಹೋದದ್ದೂ ಅಷ್ಟೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಅಟ್ಟವಿಲ್ಲದವರು ಬೆತ್ತದ ಬುಟ್ಟಿಗೋ ರಟ್ಟಿನ ಪೆಟ್ಟಿಗೆಗೋ ಒಣ ಮರಳು ಅಥವಾ ತೆಂಗಿನ ನಾರಿನ ಪುಡಿ ಹಾಕಿ, ಗಡ್ಡೆಗಳು ಒಂದಕ್ಕೊಂದು ತಾಗದಂತೆ ಜೋಡಿಸಿ, ಮನೆಯ ಅತಿ ತಂಪಾದ ಕತ್ತಲೆ ಮೂಲೆಯಲ್ಲಿ ಇಡಬಹುದು. ಮುಚ್ಚಿದ ಪ್ಲಾಸ್ಟಿಕ್ ಕೊಟ್ಟೆ ಬೇಡವೇ ಬೇಡ, ಒಳಗೆ ಬೆವರಿ ಕೊಳೆಯುತ್ತದೆ. ತಿಂಗಳಿಗೊಮ್ಮೆ ತೆಗೆದು ಮುಟ್ಟಿ ನೋಡಬೇಕು. ಮೆತ್ತಗಾದದ್ದನ್ನು ಎಸೆಯಬೇಕು, ಸುಕ್ಕಿದ್ದರೆ ಒಂದಿಷ್ಟು ನೀರು ಚಿಮುಕಿಸಬೇಕು. ಫ್ರಿಜ್ಜಿನಲ್ಲಿಡುವವರೂ ಇದ್ದಾರೆ. ತರಕಾರಿ ಇಡುವ ಕೆಳಗಿನ ಡಬ್ಬಿಯಲ್ಲಾದರೆ ತೊಂದರೆಯಿಲ್ಲ, ಗಡ್ಡೆ ಹೆಪ್ಪುಗಟ್ಟುವಷ್ಟು ತಂಪು ಮಾತ್ರ ಕೂಡದು.

ನೆಡುವಾಗಲೂ ಮೊದಲ ಮಳೆಗೆ ನೇರವಾಗಿ ಕೊಡದೆ, ಕೊಟ್ಟೆಯಲ್ಲೋ ಕುಂಡದಲ್ಲೋ ಮರಳು ಬೆರೆತ ಮಣ್ಣು ತುಂಬಿ ಸೂರಿನ ಒಳಗೆ ಮೊಳೆಯಿಸಿ, ಗಿಡ ಗೇಣುದ್ದವಾದ ಮೇಲೆ ಏರುಮಡಿಗೆ ದಾಟಿಸುವುದು ಕ್ಷೇಮ. ಕೊಟ್ಟಿಗೆ ಗೊಬ್ಬರ ಹದವಾಗಿರಲಿ. ಸಗಣಿ ಗೊಬ್ಬರವನ್ನು ಮಿತಿಮೀರಿ ಸುರಿದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ, ಆ ವರ್ಷದ ಗಡ್ಡೆ ಅಟ್ಟದಲ್ಲಿ ಬಾಳುವುದೂ ಇಲ್ಲ. ನೆಡುವಾಗಲೇ ಪಕ್ಕದಲ್ಲಿ ಅಡಿಕೆ ದಬ್ಬೆ ಊರಿಬಿಡಬೇಕು, ಆಮೇಲೆ ಊರಿದರೆ ಗಡ್ಡೆಗೇ ಚುಚ್ಚುತ್ತದೆ. ಮೂರ್ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಟಿಸಿಲೊಡೆದು ಪೊದೆಯಾಗುತ್ತದೆ. ಚಿವುಟಿದ ಕುಡಿಯನ್ನೂ ಎಸೆಯಬಾರದು. ಒದ್ದೆ ಮರಳಿಗೆ ಚುಚ್ಚಿದರೆ ಬೇರು ಬಿಟ್ಟು, ವರ್ಷದ ಕೊನೆಯೊಳಗೆ ತನ್ನದೇ ಚಿಕ್ಕ ಗಡ್ಡೆ ಕಟ್ಟಿಕೊಳ್ಳುತ್ತದೆ.

ಎಲ್ಲ ಗಡ್ಡೆಗೂ ಒಂದೇ ನಿಯಮವಲ್ಲ

ಸುಗಂಧರಾಜದ ಸ್ವಭಾವ ಬೇರೆ. ಇದೂ ಮೆಕ್ಸಿಕೊದ್ದೇ, ಆದರೆ ಸಸ್ಯಶಾಸ್ತ್ರಜ್ಞರು ಇತ್ತೀಚೆಗೆ ಕತ್ತಾಳೆಯ ಕುಲಕ್ಕೆ ಸೇರಿಸಿದ್ದಾರೆ. ಕತ್ತಾಳೆಯ ಹಾಗೆಯೇ ಒಂದು ಗಡ್ಡೆ ಒಂದೇ ಬಾರಿ ಹೂ ಬಿಡುತ್ತದೆ. ಹೂಕೋಲು ಎತ್ತಿದ ತಾಯಿಗಡ್ಡೆಯ ಕೆಲಸ ಅಲ್ಲಿಗೆ ಮುಗಿಯಿತು, ಮುಂದಿನದು ಸುತ್ತಲಿನ ಮರಿಗಡ್ಡೆಗಳದ್ದು. ಮೊದಲ ವರ್ಷ ಐದಾರು ಮರಿ, ಮರುವರ್ಷ ಮರಿಗೂ ಮರಿ. ಮೂರನೆಯ ವರ್ಷದ ಹೊತ್ತಿಗೆ ಮಣ್ಣಿನೊಳಗೆ ಒಂದೇ ಬಾಳೆಲೆಗೆ ಇಪ್ಪತ್ತು ಜನ ಉಣ್ಣಲು ಕೂತಂಥ ಸ್ಥಿತಿ. ಯಾವ ಮರಿಗೂ ಹೂ ಬಿಡುವಷ್ಟು ಮೈ ಬರುವುದಿಲ್ಲ. ಗಿಡ ಹಸಿರಾಗಿ, ಹುಲ್ಲಿನಷ್ಟು ದಟ್ಟವಾಗಿರುತ್ತದೆ, ಕೋಲು ಮಾತ್ರ ಬರುವುದಿಲ್ಲ. ಗೊಬ್ಬರ ಸಾಲದಾಯಿತೆಂದು ಇನ್ನಷ್ಟು ಸುರಿಯುವವರೇ ಹೆಚ್ಚು. ಅದಕ್ಕೆ ಬೇಕಾಗಿರುವುದು ಗುದ್ದಲಿ.

ಮೈಸೂರು, ತುಮಕೂರು, ಬೆಳಗಾವಿ ಕಡೆಯ ಬೆಳೆಗಾರರು ಇದನ್ನು ಬಲ್ಲರು. ಒಮ್ಮೆ ನೆಟ್ಟ ಹೊಲವನ್ನು ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ಇಡುವುದಿಲ್ಲ. ಎಲೆ ಒಣಗಿದ ಮೇಲೆ ಕಿತ್ತು, ಎರಡರಿಂದ ಮೂರು ಸೆಂಟಿಮೀಟರ್ ದಪ್ಪದ, ಕದಿರಿನಾಕಾರದ ಗಡ್ಡೆಗಳನ್ನು ಆರಿಸಿ, ನೆರಳಿನಲ್ಲಿ ಒಂದು ತಿಂಗಳಿಗೂ ಹೆಚ್ಚು ಇಟ್ಟು ಮತ್ತೆ ನೆಡುತ್ತಾರೆ. ಆ ವಿಶ್ರಾಂತಿ ಇಲ್ಲದೆ ನೆಟ್ಟರೆ ಮೊಳಕೆ ಒಂದೇ ಸಮ ಬರುವುದಿಲ್ಲ. ಅವಸರವಿದ್ದವರು ಶೇ 4ರ ಥಯೋಯೂರಿಯಾ ದ್ರಾವಣದಲ್ಲಿ ಒಂದು ಗಂಟೆ ನೆನೆಸುವುದುಂಟು, ಮನೆಯ ಹಿತ್ತಿಲಿಗೆ ಅದರ ಗೊಡವೆ ಬೇಡ. ಚಿಕ್ಕ ಮರಿಗಳನ್ನು ಎಸೆಯದೆ ಬೇರೆ ಮಡಿಯಲ್ಲಿ ಒಂದು ವರ್ಷ ಬೆಳೆಸಿದರೆ ಅವೂ ದಪ್ಪವಾಗುತ್ತವೆ. ಹೊಸದಾಗಿ ತರುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಶೃಂಗಾರ, ಪ್ರಜ್ವಲ್ ತಳಿಗಳು ಒಳ್ಳೆಯವು. ಶೃಂಗಾರ ಬೇರುಗಂಟು ಜಂತುವನ್ನೂ ತಡೆದುಕೊಳ್ಳುತ್ತದೆ.

ಕೆಲವನ್ನು ಮುಟ್ಟದಿರುವುದೇ ಲೇಸು. ಮೇ ತಿಂಗಳಲ್ಲಿ ಚೆಂಡಿನಂತೆ ಕೆಂಪಗೆ ಅರಳುವ, ನಮ್ಮವರು ಮೇ ಫ್ಲವರ್ ಎನ್ನುವ ಲಿಲ್ಲಿ ಆಫ್ರಿಕಾದ್ದು. ಇಕ್ಕಟ್ಟಿನಲ್ಲೇ ಅದಕ್ಕೆ ಹಿತ. ವರ್ಷ ವರ್ಷ ಕೆದಕಿದರೆ ಮುನಿಸಿಕೊಂಡು ಹೂ ನಿಲ್ಲಿಸುತ್ತದೆ. ಕುಂಡ ಬಿರಿಯುವ ಹಾಗಾದಾಗ ಮಾತ್ರ, ಅದೂ ಎಲೆ ಪೂರ್ತಿ ಮಾಯವಾದ ಫೆಬ್ರುವರಿ ಮಾರ್ಚ್‌ನಲ್ಲಿ ಬಿಡಿಸಬೇಕು. ದೊಡ್ಡ ತುತ್ತೂರಿ ಹೂವಿನ ಅಮರಿಲ್ಲಿಸ್ ಕೂಡ ಇದೇ ಸ್ವಭಾವದ್ದು. ಅದನ್ನು ನೆಡುವಾಗ ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುತ್ತಿರಬೇಕು. ಮಳೆ ಲಿಲ್ಲಿಗೆ ಇಂಥ ಯಾವ ಬಿಂಕವೂ ಇಲ್ಲ. ಮುಷ್ಟಿಯಷ್ಟು ಕಿತ್ತು ಎಲ್ಲಿ ಊರಿದರೂ ಬದುಕುತ್ತದೆ.

ಗೌರಿ ಹೂವಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಭಾದ್ರಪದದಲ್ಲಿ ಮಲೆನಾಡಿನ ಬೇಲಿಗಳ ಮೇಲೆ ಬೆಂಕಿಯ ನಾಲಗೆ ಚಾಚಿ ಅರಳುವ ಈ ಬಳ್ಳಿಯ ಗಡ್ಡೆ ನೇಗಿಲಿನ ಹಾಗೆ ಬಾಗಿ ಎರಡು ತೋಳು ಬಿಡುತ್ತದೆ. ಪ್ರತಿ ತೋಳಿನ ತುದಿಯಲ್ಲಿ ಒಂದೇ ಕಣ್ಣು. ತುದಿ ಮುರಿದರೆ ಆ ತೋಳು ವ್ಯರ್ಥ. ಆದ್ದರಿಂದ ಎರಡು ತೋಳನ್ನು ನಡುವೆ ಬಿಡಿಸಿ, ಅಡ್ಡಡ್ಡ ಮಲಗಿಸಿ ನೆಡಬೇಕು. ಎಚ್ಚರಿಕೆ ಅದಲ್ಲ. ಈ ಗಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ಕಡು ವಿಷವಿದೆ, ಸ್ವಲ್ಪ ತಿಂದರೂ ಪ್ರಾಣಕ್ಕೆ ಅಪಾಯ. ಗೆಣಸಿನಂಥ ತಿನ್ನುವ ಗಡ್ಡೆಗಳ ಜತೆ ಒಂದೇ ಬುಟ್ಟಿಯಲ್ಲಿ ಎಂದೂ ಇಡಬಾರದು. ಅಮರಿಲ್ಲಿಸ್, ಮೇ ಫ್ಲವರ್‌ಗಳ ಗಡ್ಡೆಯೂ ವಿಷವೇ, ನೋಡಲು ಈರುಳ್ಳಿಯಂತಿರುವುದರಿಂದ ಮಕ್ಕಳಿರುವ ಮನೆಯಲ್ಲಿ ಚೀಟಿ ಅಂಟಿಸಿ ಎತ್ತರದಲ್ಲಿಡಬೇಕು.

ಕೊಡುವ ಗಡ್ಡೆ

ಚೌತಿಗೆ ಬಂದ ನೆಂಟರು ಅಂಗಳದಲ್ಲಿ ನಿಂತು, “ಅತ್ಗೆ, ಬಪ್ಪ ವರ್ಷ ಯಂಗೊಂದು ಗಡ್ಡೆ ತೆಗ್ದಿಡೇ” ಎನ್ನುವುದನ್ನು ಹವ್ಯಕರ ಮನೆಗಳಲ್ಲಿ ಕೇಳಬಹುದು. ಹೀಗೆ ಕೇಳಿದ ಕೂಡಲೇ ಮಾಡಬೇಕಾದ ಕೆಲಸವೊಂದಿದೆ: ಆ ಗಿಡದ ಬುಡಕ್ಕೆ, ನೆಲದ ಮಟ್ಟದಲ್ಲಿ, ಬಣ್ಣದ ದಾರ ಕಟ್ಟುವುದು. ಡಿಸೆಂಬರ್‌ನಲ್ಲಿ ಎಲ್ಲ ಗಡ್ಡೆಯೂ ಒಂದೇ ಬಣ್ಣ, ಹಳದಿ ಯಾವುದು ಬಿಳಿ ಯಾವುದು ಹೇಳಲಾಗದು. ಅಟ್ಟಕ್ಕೆ ಏರಿಸುವಾಗ ದಾರ ಗಡ್ಡೆಯ ಜತೆಗೇ ಹೋಗಬೇಕು.

ಯಾವ ಗಿಡದಿಂದ ಕೊಡಬೇಕು ಎಂಬುದನ್ನೂ ಹೂವಿನ ಕಾಲದಲ್ಲೇ ತೀರ್ಮಾನಿಸಬೇಕು. ಎಲೆಯ ನರಗಳ ಪಕ್ಕ ಹಳದಿ ಪಟ್ಟೆ ಬಂದು, ಗಿಡ ಗಿಡ್ಡವಾಗಿ, ಎಲೆ ಮುದುಡಿದ್ದರೆ ಅದು ಮೊಸಾಯಿಕ್ ನಂಜು. ಅದಕ್ಕೆ ಔಷಧವಿಲ್ಲ. ಗಡ್ಡೆ ಒಡೆದಷ್ಟೂ ನಂಜೂ ಒಡೆದು ಹಂಚಿಹೋಗುತ್ತದೆ. ಗಿಡಹೇನುಗಳು ಅದನ್ನು ಪಕ್ಕದ ಗಿಡಕ್ಕೂ ಒಯ್ಯುತ್ತವೆ. ಎಷ್ಟೇ ಪ್ರೀತಿಯ ಬಣ್ಣವಾದರೂ ಅಂಥ ಗಿಡವನ್ನು ಕಿತ್ತು ಸುಡಬೇಕು, ನೆಂಟರಿಗೆ ಕೊಡಬಾರದು. ಒಂದು ಗೊಂಚಲು ಸೀಳಿ ಇನ್ನೊಂದಕ್ಕೆ ಹೋಗುವ ಮೊದಲು ಕತ್ತಿಯನ್ನು ತೊಳೆದು ಬೆಂಕಿಗೆ ಹಿಡಿಯುವುದು ಕೊಳೆರೋಗಗಳು ದಾಟದಂತೆ ತಡೆಯುತ್ತದೆ.

ಬಣ್ಣ ಚೆನ್ನಾಗಿದೆ, ನಮ್ಮಲ್ಲಿ ಮಾತ್ರ ಇರಲಿ ಎಂದು ಗಡ್ಡೆ ಬಚ್ಚಿಡುವವರಿದ್ದಾರೆ. ಆ ಆಸೆ ಅರ್ಥವಾಗುತ್ತದೆ, ಲೆಕ್ಕ ಮಾತ್ರ ತಪ್ಪು. ಒಂದೇ ಮನೆಯಲ್ಲಿರುವ ಡೇರೆಗೆ ಒಂದು ಹೆಗ್ಗಣ ಸಾಕು, ಒಂದು ಮುಳ್ಳುಹಂದಿ ಸಾಕು, ಮೇ ತಿಂಗಳಲ್ಲಿ ಅನಿರೀಕ್ಷಿತವಾಗಿ ಸುರಿದ ಒಂದು ರಾತ್ರಿಯ ಮಳೆ ಸಾಕು. ಗಡ್ಡೆ ಒಡೆಯಲು ಕೂತವರು ಪ್ರತಿ ಬಣ್ಣದ ಒಂದೊಂದು ಭಾಗವನ್ನಾದರೂ, ಕಣ್ಣು ನೋಡಿ, ದಾರ ಕಟ್ಟಿ, ಬೇರೆ ಊರಿನ ಒಬ್ಬರಿಗೆ ಕೊಟ್ಟರೆ ಒಳ್ಳೆಯದು. ಇಲ್ಲಿ ಕೊಳೆತರೆ ಅಲ್ಲಿಂದ ಮರುವರ್ಷ ಕೇಳಿ ತರಬಹುದು. ಮಗಳು ತವರಿನಿಂದ ಒಯ್ದ ಡೇರೆ ಹತ್ತಾರು ವರ್ಷದ ಮೇಲೆ ಅದೇ ತವರಿಗೆ ಗಡ್ಡೆಯಾಗಿ ವಾಪಸು ಬಂದದ್ದು ಮಲೆನಾಡಿನಲ್ಲಿ ಅಪರೂಪದ ಸಂಗತಿಯಲ್ಲ.